ಬಾವಿಯ ಜರಿಗಿಡ, ಹನ್ನೊಂದು ಕುಂಡ

ನಾನು ಮೊದಲಿಂದಲೂ ಚಿಂತೆಯವಳು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಸರ್ಕಲ್ಲಿನಿಂದ ಆಟೋ ವಾಪಸ್ ತಿರುಗಿಸಿಕೊಂಡು ಬಂದು ನೋಡುತ್ತೇನೆ. ಆಫ್ ಆಗಿರುತ್ತದೆ. ನೋಡುವಾಗ ಕೈ ತಾಗಿ ಆನ್ ಆಯಿತೇನೋ ಅಂತ ಬಾಗಿಲ ತನಕ ಹೋದವಳು ಮತ್ತೆ ಬಂದು ನೋಡುತ್ತೇನೆ. ನಮ್ಮ ಮನೆಯವರು ಇದಕ್ಕೆ ಎರಡನೇ ದರ್ಶನ ಅಂತ ಹೆಸರಿಟ್ಟಿದ್ದಾರೆ. ಇಷ್ಟೆಲ್ಲ ಚಿಂತೆ ಮಾಡುವ ನಾನು, ನಿಜಕ್ಕೂ ಚಿಂತೆ ಮಾಡಬೇಕಾಗಿದ್ದ ಒಂದು ವಿಷಯವನ್ನು ಮಾತ್ರ ಹದಿನಾರು ವರ್ಷ ತಿರುಗಿ ನೋಡಲಿಲ್ಲ. ಮರೆತಿದ್ದೆ ಅಂದರೆ ಅದೂ ಸುಳ್ಳಾಗುತ್ತದೆ. ಎಲ್ಲಿಟ್ಟಿದ್ದೇನೆ ಅಂತ ಚೆನ್ನಾಗಿ ಗೊತ್ತಿದ್ದೇ ಆ ಕಡೆ ಹೋಗುತ್ತಿರಲಿಲ್ಲ.

ಮೈಸೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಪಿಎಚ್‌ಡಿ ಮಾಡಿದ್ದು ಜರಿಗಿಡದ ಮೇಲೆ. ಬಂಡೆಯ ಸಂದಿಯಲ್ಲಿ, ಹಳೇ ಬಾವಿಯ ಗೋಡೆಯಲ್ಲಿ ಬೆಳೆಯುತ್ತದಲ್ಲ, ಗರಿಯ ಹಿಂಬದಿಗೆ ಬಿಳಿ ಪುಡಿ ಇರುತ್ತದೆ, ಚಿಕ್ಕವರಿದ್ದಾಗ ಕೈಗೆ ಒತ್ತಿಕೊಂಡು ಅಚ್ಚು ಹಾಕಿಕೊಳ್ಳುತ್ತಿದ್ದೆವಲ್ಲ, ಅದು. ಅದಕ್ಕೆ ಡಾಕ್ಟರೇಟ್ ಕೊಡುತ್ತಾರಾ ಅಂತ ನಮ್ಮ ಅತ್ತೆ ಕೇಳಿದ್ದರು. ಕೊಡಬಾರದಿತ್ತು ಅನ್ನುವುದು ಈಗಿನ ನನ್ನ ಅಭಿಪ್ರಾಯ.

ವಿಷಯ ಇಷ್ಟೇ. ಸಾಮಾನ್ಯವಾಗಿ ಗಿಡದ ಒಂದೊಂದು ಜೀವಕೋಶದಲ್ಲೂ ವರ್ಣತಂತುಗಳ ಎರಡು ಕಟ್ಟು ಇರುತ್ತವೆ, ತಾಯಿಯದೊಂದು, ತಂದೆಯದೊಂದು. ಬೀಜಾಣು ತಯಾರಾಗುವಾಗ ಈ ಕಟ್ಟಿನ ಒಂದೊಂದು ತಂತುವೂ ಆ ಕಟ್ಟಿನ ತನ್ನ ಜೊತೆಗಾರನನ್ನು ಹುಡುಕಿ ಪಕ್ಕದಲ್ಲಿ ನಿಲ್ಲಬೇಕು, ಆಮೇಲೆ ಎರಡು ಪಾಲಾಗಬೇಕು. ಎರಡು ಬೇರೆ ಬೇರೆ ಜಾತಿಯ ಜರಿಗಿಡ ಕೂಡಿ ಮಗು ಹುಟ್ಟಿದರೆ ತೊಂದರೆ ಅಲ್ಲೇ. ಕಟ್ಟುಗಳು ಎರಡಿವೆ, ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಬೀಜಾಣು ಸುಕ್ಕುಗಟ್ಟಿ ಹಾಳಾಗುತ್ತದೆ, ವಂಶ ಅಲ್ಲಿಗೇ ನಿಲ್ಲುತ್ತದೆ. ಆದರೆ ಯಾವಾಗಲೋ ಒಮ್ಮೆ ಜೀವಕೋಶ ಒಂದು ತಪ್ಪು ಮಾಡುತ್ತದೆ. ಪಾಲು ಮಾಡುವುದನ್ನು ಮರೆತು ಇಡೀ ಗಂಟನ್ನೇ ಬೀಜಾಣುವಿಗೆ ಕಟ್ಟಿ ಕಳಿಸಿಬಿಡುತ್ತದೆ. ಅಂಥ ಬೀಜಾಣುವಿನಿಂದ ಕೊನೆಗೆ ಬರುವ ಗಿಡದಲ್ಲಿ ಕಟ್ಟುಗಳು ಎರಡಲ್ಲ, ನಾಲ್ಕು. ಈಗ ಪ್ರತಿ ತಂತುವಿಗೂ ಜೊತೆ ಇದೆ. ಗಿಡಕ್ಕೆ ಮಕ್ಕಳಾಗುತ್ತವೆ. ಅಪ್ಪನ ಜಾತಿಯೂ ಅಲ್ಲದ ಅಮ್ಮನ ಜಾತಿಯೂ ಅಲ್ಲದ ಹೊಸ ಜಾತಿಯೊಂದು ಹುಟ್ಟಿತು. ಇದಕ್ಕೆ ಪಾಲಿಪ್ಲಾಯ್ಡ್ ಅನ್ನುತ್ತೇವೆ, ಬಹುಗುಣಿತ. ಜರಿಗಿಡಗಳ ಲೋಕದಲ್ಲಿ ಇದು ದಿನಬೆಳಗಾದರೆ ಸಿಗುವ ಕತೆ.

ನನ್ನ ಪ್ರಶ್ನೆ, ನಮ್ಮ ಈ ಜರಿಗಿಡದಲ್ಲಿ ಆ ತಪ್ಪು ಒಂದೇ ಸಲ ನಡೆಯಿತೋ, ಹಲವು ಸಲವೋ ಅನ್ನುವುದು. ಒಂದೇ ಸಲ ಅಂತ ನಾನು ಪಿಎಚ್‌ಡಿ ಶುರುವಿನಲ್ಲಿ ಕೊಡುವ ಸಿನಾಪ್ಸಿಸ್‌ನಲ್ಲೇ ಬರೆದುಕೊಟ್ಟಿದ್ದೆ. ಬರೆಯುವುದಕ್ಕೆ ಕಾರಣವೂ ಇತ್ತು. ಜರಿಗಿಡದ ಬೀಜಾಣು ಗಾಳಿಯಲ್ಲಿ ಹೋಗಿ ಎಲ್ಲೋ ಬಿದ್ದು ಉಗುರಿನಷ್ಟು ಚಿಕ್ಕ, ಹೃದಯದ ಆಕಾರದ ಹಸಿರು ಸಿಪ್ಪೆಯಾಗುತ್ತದೆ. ಹೆಣ್ಣೂ ಅದರಲ್ಲೇ, ಗಂಡೂ ಅದರಲ್ಲೇ. ಯಾರ ಹಂಗೂ ಇಲ್ಲದೆ ತನ್ನಷ್ಟಕ್ಕೇ ಸಂಸಾರ ಹೂಡಿಬಿಡಬಲ್ಲದು. ಒಂದೇ ಬೀಜಾಣು ಸಾಕು, ಬೆಟ್ಟವೆಲ್ಲ ತುಂಬುವುದಕ್ಕೆ. ಆಗ ಬೆಟ್ಟದ ತುಂಬ ಗಿಡವಿದ್ದರೂ ಒಳಗಿನ ವೈವಿಧ್ಯ ಸೊನ್ನೆ, ಒಂದೇ ಮುಖದ ಸಾವಿರ ಫೋಟೋ ಇದ್ದ ಹಾಗೆ. ನನ್ನ ಪ್ರಬಂಧದಲ್ಲಿ ಇದಕ್ಕೆ ಒಂದು ಚಂದದ ಚಿತ್ರ ಇತ್ತು. ಕೆಳಗೆ ಇಬ್ಬರು ಅಪ್ಪ ಅಮ್ಮ, ಮೇಲಕ್ಕೆ ಒಂದೇ ಗೆರೆ. ಆ ಒಂದೇ ಗೆರೆಯ ಮೇಲೆ ನನಗೆ ಬಹಳ ಮೋಹ.

ಗಿಡ ತಂದಿದ್ದು ಎರಡು ಕಡೆಯಿಂದ. ಮೈಸೂರಿನ ಬೆಟ್ಟದ ಹಿಂಬದಿಯ ಬಂಡೆಗಳಿಂದ ಇಪ್ಪತ್ತೊಂಬತ್ತು, ಶ್ರೀರಾಂಪುರದ ಆಚೆ ಹೊಲದಲ್ಲಿದ್ದ ಒಂದು ಕಲ್ಲುಕಟ್ಟಡದ ಹಳೇ ಬಾವಿಯಿಂದ ಹನ್ನೊಂದು. ಕಾಲೇಜಿನ ಹಿಂದೆ ಹಸಿರು ನೆಟ್ ಕಟ್ಟಿ ನಲವತ್ತು ಕುಂಡ ಜೋಡಿಸಿದ್ದೆವು. ಅವನ್ನು ಸಾಕಿದ್ದು ನಾನಲ್ಲ. ನಮ್ಮ ಲ್ಯಾಬಿನ ಅಟೆಂಡರ್, ನನಗಿಂತ ಹತ್ತು ವರ್ಷ ದೊಡ್ಡವರು, ಡಿಪಾರ್ಟ್‌ಮೆಂಟಿಗೆಲ್ಲ ಅಕ್ಕ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಕನ್ನಡ ಪೇಪರನ್ನು ಜಾಹೀರಾತಿನ ಸಮೇತ ಓದುತ್ತಿದ್ದರು, ಆದರೆ ನಾನು ಕುಂಡಗಳ ತಗಡಿನ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದ ಅಕ್ಷರ ಮತ್ತು ಅಂಕಿಗಳು ಅವರಿಗೆ ಬೇಡವಾಗಿದ್ದವು. ಅದಕ್ಕೇ ಬಾವಿಯ ಹನ್ನೊಂದು ಕುಂಡಗಳ ಕೊರಳಿಗೆ ಕೆಂಪು ದಾರ ಕಟ್ಟಿಕೊಂಡಿದ್ದರು.

ಒಂದು ದಿನ ನೀರು ಹಾಕುತ್ತಾ ಹೇಳಿದರು, "ಈ ಬಾವಿವು ಬೇರೆ ಕಣ್ ಮೇಡಂ."

"ಬೇರೆ ಹೇಗಾಗುತ್ತೆ ಅಕ್ಕ? ಎರಡೂ ಕಡೆಯದನ್ನ ಮೈಕ್ರೋಸ್ಕೋಪಲ್ಲಿ ಎಣಿಸಿದ್ದೀನಿ. ವರ್ಣತಂತು ಒಂದೇ ಲೆಕ್ಕ."

"ಲೆಕ್ಕ ಒಂದೇ ಇರ್ಬೋದು. ಬೆಟ್ಟದ್ದು ಗರಿ ಬುಟ್ಟಾಗ್ಲೇ ಹಸ್ರು. ಬಾವೀದು ಮೊದ್ಲು ಕೆಂಪ್ಗಿರ್ತದೆ, ಆಮೇಲೆ ಹಸ್ರಾಯ್ತದೆ. ಕೈಗೊತ್ಕಂಡ್ ನೋಡಿ, ಪುಡೀನೂ ಅಂಗೇ. ಒಂದ್ರದ್ದು ಬೆಳ್ಗೆ, ಇನ್ನೊಂದ್ರದ್ದು ಒಸಿ ಅರಿಶ್ಣ."

"ನೀರಿನ ವ್ಯತ್ಯಾಸ ಇರಬೇಕು."

"ಎಲ್ಡಕ್ಕೂ ನೀರ್ ಆಕೋಳು ನಾನೇ ಅಲ್ವಾ? ಹಾಲು ಒಂದೇ ಡೈರೀದೇ ಇರ್ಲಿ ಮೇಡಂ, ಹೆಪ್ಪು ಬೇರೆ ಮನೇದು. ನಮ್ಮನೆ ಮೊಸರೂ ಪಕ್ಕದ್ಮನೆ ಮೊಸರೂ ಒಂದೇ ರುಚಿ ಇರ್ತದಾ?"

ನಾನು ನಕ್ಕೆ. ದೊಡ್ಡ ಮನಸ್ಸಿನವರು ನಗುತ್ತಾರಲ್ಲ, ಆ ಥರ. ಪಾಲಿಪ್ಲಾಯ್ಡ್ ಜಾತಿಯೊಂದು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಅಪ್ಪ ಅಮ್ಮನಿಂದ ಮತ್ತೆ ಮತ್ತೆ ಹುಟ್ಟಬಹುದು, ಅದರ ವೈವಿಧ್ಯ ಬರುವ ದೊಡ್ಡ ದಾರಿಯೇ ಅದು ಅಂತ ಹೊರದೇಶದವರು ಬರೆದಿದ್ದ ಲೇಖನಗಳು ಆಗಲೇ ನನ್ನ ಮೇಜಿನ ಮೇಲಿದ್ದವು. ಅದನ್ನೇ ಈ ಹೆಂಗಸು ಮೊಸರಿನಲ್ಲಿ ಹೇಳಿ ಮುಗಿಸಿದ್ದರು. ನನಗೆ ಕೇಳಿಸಲಿಲ್ಲ. ಮುಂದಿನ ವಾರ ಪರಿಣತರ ಸಮಿತಿ ನೋಡಲು ಬರುವುದಿತ್ತು. ದಾರ ಕಟ್ಟಿದ ಕುಂಡಗಳು ಹರಕೆ ಮರದ ಹಾಗೆ ಕಾಣುತ್ತವೆ, ಸೈಂಟಿಫಿಕ್ ಆಗಿಲ್ಲ ಅಂತ ಚಿಂತೆ ಹತ್ತಿ, ಬ್ಲೇಡು ತಂದು ಹನ್ನೊಂದು ದಾರವನ್ನೂ ನಾನೇ ಕತ್ತರಿಸಿದೆ. ಅಕ್ಕ ನೋಡುತ್ತಾ ನಿಂತಿದ್ದರು.

ಎರಡು ತಿಂಗಳಿಗೆ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಜೆಲ್ಲಿನ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ, ಒಂದೇ ಮೂಲದವಾದರೆ ಪಟ್ಟೆಗಳೂ ಒಂದೇ ಥರ ಇರಬೇಕು. ಇಪ್ಪತ್ತೊಂಬತ್ತು ಒಂದೇ ಥರ ಇದ್ದವು. ಹನ್ನೊಂದು ಬೇರೆ. ತಗಡಿನ ಚೀಟಿ ನೋಡಿದೆ. ಹನ್ನೊಂದಕ್ಕೆ ಹನ್ನೊಂದೂ ಬಾವಿಯವು.

ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯಬೇಕು, ಯಾಕೆಂದರೆ ಈ ಜಾಗದಲ್ಲಿ ನಾನು ಪ್ರತಿ ಸಲ ಓಡುತ್ತೇನೆ. ನನಗೆ ಗೊತ್ತಾಯಿತು. ಆ ಕ್ಷಣದಲ್ಲೇ ಗೊತ್ತಾಯಿತು, ಬಾವಿಯ ಗಿಡ ಬೇರೆ ಹುಟ್ಟಿನದು ಅಂತ. ಸಬ್‌ಮಿಷನ್‌ಗೆ ಒಂದೂವರೆ ತಿಂಗಳಿತ್ತು. ಚಿತ್ರ ಬದಲಾಯಿಸಬೇಕು, ಅಧ್ಯಾಯ ಬದಲಾಯಿಸಬೇಕು, ಇನ್ನೊಂದು ವರ್ಷದ ಕೆಲಸ. ಗೈಡ್ ಕೇಳಿದರು, "ಆ ಹನ್ನೊಂದರ ಕತೆ ಏನ್ರೀ?" ಅವರು ಕೇಳಿದ್ದು ಅಷ್ಟೇ, ಯಾವ ಒತ್ತಾಯವೂ ಇರಲಿಲ್ಲ. ನನ್ನ ಬಾಯಿಂದ ಉತ್ತರ ತಯಾರಿ ಮಾಡಿಟ್ಟುಕೊಂಡ ಹಾಗೆ ಬಂತು. "ಅಟೆಂಡರ್ ಕೈಯಲ್ಲಿ ಒಣಗಿಹೋಗಿರಬೇಕು ಸರ್. ಬೈಸಿಕೊಳ್ಳುವ ಭಯಕ್ಕೆ ಎಲ್ಲಿಂದಲೋ ಬೇರೆ ಜರಿಗಿಡ ಕಿತ್ತು ತಂದು ನೆಟ್ಟಿದ್ದಾರೆ."

ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಅದೇ ನಾಚಿಕೆಯ ವಿಷಯ. ಅಟೆಂಡರ್ ಹೀಗೆ ಮಾಡುತ್ತಾರೆ ಅಂದರೆ ನಮ್ಮಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ. ಡಿಎನ್‌ಎಗೆ ಗರಿ ಕಿತ್ತ ವಾರವೇ ಬಾವಿಯ ಎರಡು ಗಿಡದ ವರ್ಣತಂತು ಎಣಿಸಿದ್ದ ಸ್ಲೈಡುಗಳು ನನ್ನ ಬೀರುವಿನಲ್ಲೇ ಇದ್ದವು. ಬೆಟ್ಟದಷ್ಟೇ ಲೆಕ್ಕ, ದುಂಡಗಿನ ಆರೋಗ್ಯವಾದ ಬೀಜಾಣು. ಎಲ್ಲಿಂದಲೋ ಕಿತ್ತು ತಂದ ಗಿಡ ಅಷ್ಟು ಸರಿಯಾಗಿ ಹೊಂದುವುದಿಲ್ಲ ಅನ್ನುವುದಕ್ಕೆ ಸಾಕ್ಷಿ. ಅವನ್ನು ಪ್ರಬಂಧಕ್ಕೆ ಸೇರಿಸಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ನನಗೆ ಚಿಂತೆಯಲ್ಲವೇ? ನಾಳೆ ಯಾರಾದರೂ ಕೇಳಿದರೆ ದಾಖಲೆ ಬೇಕು ಅಂತ ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆದೆ. ಕಚೇರಿ ಪತ್ರ ಕನ್ನಡದಲ್ಲೇ ಇರಬೇಕು ಅನ್ನುವ ಅಭಿಮಾನ ಬೇರೆ. "ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಸದರಿ ಸಿಬ್ಬಂದಿಯವರು ಒಣಗಿಹೋದ ಸಂಶೋಧನಾ ಸಸ್ಯಗಳ ಬದಲಿಗೆ ಬೇರೆ ಸಸ್ಯಗಳನ್ನು ನೆಟ್ಟು ಸಂಶೋಧನೆಗೆ ಅಡಚಣೆ ಉಂಟುಮಾಡಿರುತ್ತಾರೆ." ದುಂಡಗಿನ ಅಕ್ಷರ, ಒಂದು ಚಿತ್ತುಕಾಟೂ ಇಲ್ಲ. ಹದಿನೈದು ದಿನದಲ್ಲಿ ಅಕ್ಕನನ್ನು ಲ್ಯಾಬಿನಿಂದ ತೆಗೆದು ಆಫೀಸಿನ ಟಪಾಲು ವಿಭಾಗಕ್ಕೆ ಹಾಕಿದರು. ಯಾಕೆ ಅಂತ ಅವರು ನನ್ನನ್ನೇ ಕೇಳಿದರು. ನಾನು ಹೇಳಿದ್ದು, "ನಿಮಗೆ ಮೊಣಕಾಲು ನೋವಲ್ವಾ ಅಕ್ಕ, ಅಲ್ಲಿ ಕೂತು ಮಾಡೋ ಕೆಲಸ."

"ಅಂಗಾ ಮೇಡಂ," ಅಂದರು. "ಈ ಹನ್ನೊಂದ್ ಪಾಟು?"

"ಬಿಸಾಕಿಬಿಡಿ."

ಲ್ಯಾಬಿನಲ್ಲಿ ನಾನು ಅವರಿಗೆ ಹೇಳಿದ ಕೊನೆಯ ಕೆಲಸ ಅದು. ಆಮೇಲೆ ರಿಟೈರ್ ಆಗುವ ತನಕ ವರಾಂಡದಲ್ಲಿ ಎದುರಾದಾಗಲೆಲ್ಲ ಅವರು "ನಮಸ್ಕಾರ ಮೇಡಂ" ಅನ್ನುತ್ತಿದ್ದರು, ನಾನು ಮೊಬೈಲು ನೋಡುತ್ತಿದ್ದೆ.

ಹೋದ ವರ್ಷ ನನ್ನ ಬಳಿ ಸಂಶೋಧನೆಗೆ ಸೇರಿರುವ ಹುಡುಗಿ ಅದೇ ಜರಿಗಿಡವನ್ನು, ತಾಯಿ ಯಾವ ಜಾತಿ ಅಂತ ಹೇಳಬಲ್ಲ ಹೊಸ ವಿಧಾನದಲ್ಲಿ ನೋಡಿದಳು. ಅವಳು ಬೆಟ್ಟದಿಂದ ಹೊಸದಾಗಿ ತಂದ ಗಿಡಗಳಲ್ಲಿ ಹೆಚ್ಚಿನವುಗಳ ತಾಯಿ ಒಂದು ಜಾತಿ. ತಪ್ಪಲಿನ ಕೆಲವುಗಳ ತಾಯಿ ಇನ್ನೊಂದು ಜಾತಿ, ಅಂದರೆ ಮೊದಲನೆಯದಕ್ಕೆ ತಂದೆಯಾಗಿದ್ದದ್ದು. ಅವಳು ಮೇಜಿನ ಮುಂದೆ ನಿಂತು ಮೆಲ್ಲಗೆ ಹೇಳಿದಳು.

"ಮೇಡಂ, ಒಂದೇ ಸಲ ಹುಟ್ಟಿದ್ರೆ ತಾಯಿ ಎರಡು ಹೇಗಿರತ್ತೆ?"

"ಇರಲ್ಲ."

"ಅಂದ್ರೆ ಎರಡು ಸಲವಾದ್ರೂ ಹುಟ್ಟಿದೆ. ಆಮೇಲೆ ಎರಡೂ ವಂಶ ಬೆಟ್ಟದಲ್ಲಿ ಬೆರೀತಾ ಇದೆ ಅನ್ಸತ್ತೆ, ಅದಕ್ಕೇ ಇಷ್ಟು ವೈವಿಧ್ಯ. ಎರಡನೇ ವಂಶ ಎಲ್ಲಿಂದ ಬಂತು ಅಂತ ಗೊತ್ತಾಗ್ಬೇಕು. ನಿಮ್ಮ ಥೀಸಿಸ್‌ನಲ್ಲಿ ಬಾವಿದು ಹನ್ನೊಂದು ಗಿಡ ಕೈಬಿಟ್ಟಿದ್ದೀರಲ್ಲ, ಅವು ಇದಾವಾ?"

ಬಾವಿ ಇರಲಿಲ್ಲ. ಅದನ್ನು ಮುಚ್ಚಿ ಲೇಔಟ್ ಮಾಡಿ ವರ್ಷಗಳಾಗಿದ್ದವು. ಬಾವಿ ಇದ್ದ ಜಾಗದಲ್ಲಿ ಈಗ ಪಾರ್ಕ್ ಇದೆ. ಅದು ನನಗೆ ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂದರೆ ಆ ಪಾರ್ಕಿನ ಎದುರು ಸೈಟು ತಗೊಂಡು ಮನೆ ಕಟ್ಟಿಸಿದವಳು ನಾನೇ. ದಿನಾ ಬೆಳಿಗ್ಗೆ ಅದರ ಸುತ್ತ ಆರೋಗ್ಯಕ್ಕೆ ಅಂತ ಎಂಟು ಸುತ್ತು ಹಾಕುತ್ತೇನೆ.

ಆಫೀಸಿನಲ್ಲಿ ಅಕ್ಕನ ವಿಳಾಸ ಕೇಳಿಕೊಂಡು ಒಂದು ಭಾನುವಾರ ಮಧ್ಯಾಹ್ನ ಉದಯಗಿರಿಗೆ ಹೋದೆ. ಕೆಳಗೆ ಪಂಕ್ಚರ್ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೇಲೆ ಮನೆ. ದಾರಿಯುದ್ದಕ್ಕೂ ನಾನು ಅಭ್ಯಾಸ ಮಾಡಿದ್ದು ಕ್ಷಮೆ ಕೇಳುವುದನ್ನಲ್ಲ, ಕ್ಷಮೆ ಕೇಳದೆ ಗಿಡದ ವಿಷಯ ಎತ್ತುವುದು ಹೇಗೆ ಅನ್ನುವುದನ್ನು. ಅಕ್ಕ ಬಾಗಿಲು ತೆಗೆದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬನ್ನಿ ಮೇಡಂ. ಮೆಟ್ಲು ಅತ್ತಿ ಬಂದ್ಬುಟ್ರಾ? ನಿಮ್ಗೂ ಮೊಣಕಾಲ್ ನೋವು ಅಂತಿದ್ರು ಯಾರೋ."

ಕಾಫಿ ಕೊಟ್ಟರು. ನಾನು ಅವರ ಆರೋಗ್ಯ, ಮಗಳ ಮನೆ, ಬಿಸಿಲು ಎಲ್ಲ ವಿಚಾರಿಸಿ ಮುಗಿಸಿ, ತುಂಬ ಸಹಜವಾಗಿ ಅನ್ನುವ ಹಾಗೆ ಕೇಳಿದೆ. "ಅಕ್ಕ, ಆ ಬಾವಿ ಗಿಡಗಳನ್ನ ಎಲ್ಲಿ ಬಿಸಾಕಿದ್ರಿ, ನೆನಪಿದೆಯಾ?"

ಅವರು ಲೋಟ ಎತ್ತಿಟ್ಟು "ಬನ್ನಿ" ಅಂತ ಟೆರೇಸಿಗೆ ಕರೆದುಕೊಂಡು ಹೋದರು.

ನೀರಿನ ಟ್ಯಾಂಕು ತುಂಬಿ ಹೆಚ್ಚಾದದ್ದು ಸದಾ ಜಿನುಗುವ ನೆರಳಿನ ಮೂಲೆ. ಅಲ್ಲಿ ಐದು ಕುಂಡ, ಐದಕ್ಕೂ ಕೆಂಪು ದಾರ. ಪಕ್ಕದಲ್ಲಿ ಬಾಯಿ ಒಡೆದ ಒಂದು ಕುಂಡ, ದಾರವಿಲ್ಲದ್ದು, ಬೆಟ್ಟದ ಗಿಡ. ಒಡೆದುಹೋಗಿದೆ ಅಂತ ನಾನೇ ಎಸೆಯಲು ಹೇಳಿದ್ದಿರಬೇಕು. ಹಿಂದಿನ ಪಾಚಿಗಟ್ಟಿದ ಗೋಡೆಯ ಮೇಲೆ ಬೀಜಾಣುಗಳಿಂದ ತಾವಾಗಿಯೇ ಹುಟ್ಟಿದ ಮರಿಗಳು. ಬಾವಿಯ ಗಿಡದ ಹೊಸ ಗರಿಗಳು ಸುರುಳಿ ಬಿಚ್ಚುತ್ತಿದ್ದವು. ಕೆಂಪಗಿದ್ದವು. ಹದಿನಾರು ವರ್ಷದ ಹಿಂದೆ ಒಂದು ಸಲ ಬಗ್ಗಿ ನೋಡಿದ್ದರೆ ಕಾಣುತ್ತಿದ್ದಷ್ಟು ಕೆಂಪು.

"ಆರು ಓದ್ವು. ಐದು ಉಳ್ಕಂಡ್ವು," ಅಂದರು. "ಗೋಡೆ ಮೇಲಿಂದು ನೋಡಿ ಮೇಡಂ, ಇದು. ಅದೂ ಅಲ್ಲ, ಇದೂ ಅಲ್ಲ. ಒಸಿ ಕೆಂಪು, ಪುಡಿ ಮಾತ್ರ ಬೆಳ್ಗೆ. ಎಲ್ಡ್ ಮನೆ ಹೆಪ್ಪೂ ಒಂದೇ ಪಾತ್ರೇಗ್ ಬಿದ್ದದೆ."

ಎರಡು ವಂಶ ಬೆರೆತಿದೆ ಅಂತ ನಮ್ಮ ಹುಡುಗಿ ಕಂಪ್ಯೂಟರಿನಲ್ಲಿ ಆರು ತಿಂಗಳು ಕೂತು ಅನುಮಾನಪಟ್ಟಿದ್ದು ಇಲ್ಲಿ ಟ್ಯಾಂಕಿನ ಕೆಳಗೆ ಬೆಳೆದು ನಿಂತ ಹಾಗಿತ್ತು. ಪರೀಕ್ಷೆ ಮಾಡದೆ ಹಾಗೆ ಹೇಳಬಾರದು. ಹೇಳಬಾರದು ಅನ್ನುವ ಎಚ್ಚರ ನನಗೆ ಈಗ ಬಂದಿದೆ.

ಇನ್ನು ತಡೆಯಲಾಗಲಿಲ್ಲ. "ಅಕ್ಕ, ನಿಮಗೊಂದು ವಿಷಯ ಹೇಳಬೇಕು. ನಿಮ್ಮನ್ನ ಲ್ಯಾಬಿಂದ ತೆಗೆದಿದ್ದು ಮೊಣಕಾಲಿಗಲ್ಲ. ನಾನು..."

"ಗೊತ್ತು ಕಣ್ ಮೇಡಂ."

"ಏನು ಗೊತ್ತು?"

"ಟಪಾಲಿಗೇ ಆಕಿದ್ರಲ್ಲ ನನ್ನ. ಕಾಲೇಜ್ ಕಾಗ್ದ ಎಲ್ಲಾ ಫೈಲಿಗ್ ಆಕೋಳು ನಾನೇ. ಅಲ್ಲಿಗ್ ಓದ ಮೊದಲ್ನೇ ವಾರ್ದಲ್ಲೇ ಸಿಕ್ತು. ಸದರಿ ಸಿಬ್ಬಂದಿಯವರು." ಅವರು ಒಣಗಿದ ಒಂದು ಗರಿಯನ್ನು ಚಿವುಟಿ ತೆಗೆದರು. "ಅಕ್ಸರ ಚೆನ್ನಾಗದೆ ನಿಮ್ದು."

ಹದಿನಾರು ವರ್ಷದಲ್ಲಿ ನಾನು ಬೇಕಾದಷ್ಟು ಚಿಂತೆ ಮಾಡಿದ್ದೇನೆ. ಈ ಸಾಧ್ಯತೆ ಒಂದು ದಿನವೂ ಹೊಳೆದಿರಲಿಲ್ಲ. ಇಂಗ್ಲಿಷ್ ಚೀಟಿ ಓದದವರು ಏನೂ ಓದುವುದಿಲ್ಲ ಅಂತ ಎಲ್ಲೋ ತೀರ್ಮಾನ ಮಾಡಿಕೊಂಡಿದ್ದೆ. ಆ ಎಲ್ಲ ವರ್ಷ ಅವರು ವರಾಂಡದಲ್ಲಿ ನಮಸ್ಕಾರ ಅಂದದ್ದು ಗೊತ್ತಿದ್ದೇ ಅಂದದ್ದು.

"ಯಾಕೆ ಕೇಳಲಿಲ್ಲ ನನ್ನ?"

"ಕೇಳಿದ್ರೆ ಇನ್ನೊಂದ್ ಕಾಗ್ದ ಬರೀತಿದ್ರಿ."

ನಾನು ತಪ್ಪಾಯಿತು ಅಂದೆ. ಸುಳ್ಳು ಬರೆದೆ ಅಂದೆ. ಇನ್ನೂ ಏನೇನೋ ಅಂದೆ, ಅಷ್ಟು ಹೊತ್ತು ಅವರು ಕುಂಡದ ಮಣ್ಣನ್ನು ಬೆರಳಿಂದ ಸಡಿಲ ಮಾಡುತ್ತಿದ್ದರು. ಮುಗಿದ ಮೇಲೆ ಹೇಳಿದರು.

"ಬಾಯ್ಮಾತ್ಗೆ ಇನ್ವರ್ಡ್ ನಂಬರ್ ಬೀಳಲ್ಲ ಮೇಡಂ. ಆ ಕಾಗ್ದ ಇನ್ನೂ ನನ್ ಫೈಲಲ್ಲೇ ಅದೆ. ಗಿಡ ಸಾಯ್ಸಿ, ಸುಳ್ಳ್ ಗಿಡ ನೆಟ್ಟೋಳು ಅಂತ. ಅದ್ರ ಪಕ್ಕ ಇನ್ನೊಂದ್ ಕಾಗ್ದ ಆಕ್ಸಿ. ನಂಬರ್ ಬಿದ್ದ ಕಾಪಿ ತಕಂಡ್ ಬನ್ನಿ. ಗಿಡ ಎಲ್ಲೂ ಓಗಲ್ಲ."

ಆ ಕಾಗದ ಬರೆಯುವುದಕ್ಕೆ ನನಗೆ ಒಂಬತ್ತು ದಿನ ಬೇಕಾಯಿತು. ಮೊದಲ ಸಲ ಬರೆದದ್ದು, "ಅಂದಿನ ದಿನಗಳಲ್ಲಿ ಕಣ್ತಪ್ಪಿನಿಂದ ಲೋಪ ಸಂಭವಿಸಿರುತ್ತದೆ." ಓದಿದೆ. ಲೋಪ ತಾನಾಗಿಯೇ ನಡೆದುಕೊಂಡು ಬಂದು ಸಂಭವಿಸಿದ ಹಾಗಿತ್ತು. ಹರಿದೆ. ಎರಡನೇ ಸಲ ನನ್ನ ಆಗಿನ ವಯಸ್ಸು, ಕೆಲಸದ ಒತ್ತಡ, ಅತ್ತೆಯ ಕಾಯಿಲೆ ಎಲ್ಲ ಬಂತು. ಹರಿದೆ. ಸಂಬಳ ನಿಲ್ಲಿಸುತ್ತಾರಾ, ಡಿಗ್ರಿ ವಾಪಸ್ ಕೇಳುತ್ತಾರಾ, ಮಕ್ಕಳ ಮುಂದೆ ಹೇಗೆ ನಿಲ್ಲುವುದು ಅಂತ ಎರಡು ದಿನ ಊಟ ಸೇರಲಿಲ್ಲ. ಕೊನೆಯದರಲ್ಲಿ ಉಳಿದದ್ದು ಇಷ್ಟು. ಅವರು ಯಾವ ಗಿಡವನ್ನೂ ಬದಲಿಸಿಲ್ಲ. ಬಾವಿಯ ಗಿಡಗಳು ಬೇರೆ ಎಂದು ಮೊದಲು ಗುರುತಿಸಿದವರು ಅವರು. ಅದು ಗೊತ್ತಿದ್ದೂ ನಾನು ಸುಳ್ಳು ಬರೆದೆ. ಅದರ ಕೆಳಗೆ, ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ತಪ್ಪು ಎಂದು ವಿಶ್ವವಿದ್ಯಾನಿಲಯಕ್ಕೂ ತಿಳಿಸುತ್ತಿದ್ದೇನೆ ಎಂದು ಸೇರಿಸಿದೆ. ತಿಳಿಸಿದೆ ಕೂಡ. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ. ಗೇಟಿನ ಸದ್ದಾದಾಗಲೆಲ್ಲ ಎದ್ದು ನೋಡುತ್ತೇನೆ.

ಟಪಾಲು ವಿಭಾಗದಲ್ಲಿ ಈಗಿರುವ ಗುಮಾಸ್ತರು ಕಾಗದ ಓದಿ, ನನ್ನನ್ನು ನೋಡಿ, ಮತ್ತೆ ಕಾಗದ ನೋಡಿದರು. "ಮೇಡಂ, ಅವರು ರಿಟೈರ್ ಆಗಿದಾರೆ. ಫೈಲ್ ಕ್ಲೋಸ್ ಆಗಿರತ್ತೆ."

"ತೆಗೀರಿ."

"ಯಾಕ್ ಮೇಡಂ ಸುಮ್ನೆ..."

"ತೆಗೆದು ಹಾಕಿ. ನಾನು ಕಾಯ್ತೀನಿ."

ಸೀಲು ಬಿತ್ತು, ನಂಬರ್ ಬಿತ್ತು. ಜೆರಾಕ್ಸ್ ತಗೊಂಡು ಮತ್ತೆ ಉದಯಗಿರಿ. ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡು ಟೆರೇಸಿನ ಕಟ್ಟೆಯ ಮೇಲೆ ಕೂತು ಓದಿದರು. ಮೊದಲು ನೋಡಿದ್ದು ನಂಬರನ್ನು. ಆಮೇಲೆ ಮೇಲಿನಿಂದ ಕೆಳಗೆ ಒಂದು ಸಲ. ಮತ್ತೆ ಒಂದು ಸಲ.

"ಈ ಸಲ ಅಕ್ಸರ ಅಷ್ಟ್ ಚೆನ್ನಾಗಿಲ್ಲ," ಅಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಲೌಸಿನೊಳಗೆ ಇಟ್ಟುಕೊಂಡರು. ಕ್ಷಮಿಸಿದೆ ಅಂತ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಬಾವಿಯ ಐದರಲ್ಲಿ ಎರಡು ಕುಂಡ ಎತ್ತಿ ಮುಂದಿಟ್ಟರು. ಗೋಡೆಯ ಮೇಲಿನ ಆ ಬೆರಕೆಯದರಿಂದ ಎರಡು ಗರಿ ಚಿವುಟಿ ಪೇಪರಿನಲ್ಲಿ ಸುತ್ತಿ ಕೊಟ್ಟರು, "ನಿಮ್ ಹುಡ್ಗೀಗೆ." ಉಳಿದ ಮೂರು ಕುಂಡದ ಕಡೆ ನಾನು ನೋಡಿದ್ದನ್ನು ನೋಡಿದರು.

"ಅವು ಇಲ್ಲೇ ಇರ್ಲಿ. ಎಲ್ಲಾ ಕೊಟ್ಬುಟ್ರೆ, ನೀವ್ ಮತ್ತೆ ಬಿಸಾಕ್ಬುಟ್ರೆ?"

ಆಮೇಲೆ ಒಳಗೆ ಹೋಗಿ ದಾರದ ಉಂಡೆ ತಂದರು. ಕುಂಡಗಳ ಹಳೇ ದಾರ ಬಣ್ಣ ಹೋಗಿ ನಯವಾಗಿತ್ತು. ಅದರ ಮೇಲೇ ಹೊಸದನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದರು, ಎಳೆದು ನೋಡಿದರು. ಆಟೋದವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದ. ನಾನು ಮೆಟ್ಟಿಲಿಳಿಯುವಾಗ ಮೇಲಿನಿಂದ ಅವರ ದನಿ ಬಂತು.

"ದಾರ ಬಿಚ್ಬೇಡಿ ಮೇಡಂ. ಯಾರ್ ಬಂದ್ರೂ."

ಉದಯಗಿರಿಯಿಂದ ಕಾಲೇಜಿನ ತನಕ ಎಷ್ಟು ಹಂಪ್ ಇವೆ ಅಂತ ನನಗೆ ಗೊತ್ತಿರಲಿಲ್ಲ. ಎರಡು ಕುಂಡವನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದು ಹಂಪಿಗೂ ದಾರದ ಗಂಟು ಸರಿಯಾಗಿದೆಯಾ ಅಂತ ಮುಟ್ಟಿ ನೋಡುತ್ತಾ ಹೋದೆ.